ನೋವು ಹತ್ತಕ್ಕೆ ಎಷ್ಟು?

ಚಿಕ್ಕಮಗಳೂರು ಜಿಲ್ಲೆಯ ನರ್ಸುಗಳಿಗೆ ರೋಗಿಯನ್ನು ವಿಚಾರಿಸುವುದು ಹೇಗೆ ಅಂತ ಕಲಿಸಿಕೊಟ್ಟವನು ನಾನು. ಮೂಡಿಗೆರೆಯಿಂದ ಕಳಸದ ತನಕ ಯಾವ ಆಸ್ಪತ್ರೆಯ ಯಾವ ಸಿಸ್ಟರನ್ನು ಬೇಕಾದರೂ ಕೇಳಿ, ನನ್ನ ಹೆಸರು ಕಿವಿಗೆ ಬಿದ್ದರೆ ಸಾಕು, ಎದ್ದು ನಿಲ್ಲುತ್ತಾರೆ.

ಇದು ಸುಳ್ಳು. ಎದ್ದು ನಿಲ್ಲುವುದು ಮಾತ್ರ ನಿಜ, ಅದೂ ಹೊಡೆಯೋದಕ್ಕೆ. ನಾನು ಎದುರುಗಡೆ ಕಾಣುತ್ತಿದೆಯಲ್ಲ, ಆ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಗಾಡಿ ಓಡಿಸುವುದು ನನ್ನ ಕೆಲಸ, ಗಾಡಿ ನಿಂತಾಗ ಕಿತಾಪತಿ ಮಾಡುವುದು ನನ್ನ ಸ್ವಭಾವ. ಆಸ್ಪತ್ರೆ ಅಂದರೆ ಅಳುವ ಜಾಗ ಅಂತ ಜನ ತಿಳಿದಿದ್ದಾರೆ. ಅಳು ಇದೆ, ಇಲ್ಲ ಅನ್ನೋಲ್ಲ. ಆದರೆ ಜೀವ ಉಳಿಯಿತು ಅಂತ ಗೊತ್ತಾದ ಕೂಡಲೇ ಮನುಷ್ಯ ಮಾಡುವ ಮೊದಲ ಕೆಲಸ ಏನಾದರೊಂದು ಎಡವಟ್ಟು. ಹಾಗಾಗಿ ನಮ್ಮಲ್ಲಿ ಇಂಥವು ನಡೀತಾನೇ ಇರುತ್ತವೆ. ಟೀ ಬರೋ ತನಕ ಹೇಳ್ತೀನಿ, ಕೇಳಿ.

ದಿಂಬಿಗೆ ಡ್ರಿಪ್

ಮೊದಲೆಲ್ಲ ನಮ್ಮಲ್ಲಿ ರೋಗಿಯನ್ನು ವಿಚಾರಿಸುವುದು ಅಂದರೆ ಒಂದೇ ಮಾತು. ಸಿಸ್ಟರ್ ಮಂಚದ ಹತ್ತಿರ ಬಂದು "ಆರಾಮಾ?" ಅನ್ನುವುದು, ರೋಗಿ "ಆರಾಮ" ಅನ್ನುವುದು. ನಮ್ಮ ಕಡೆ ಯಾರು ಕೇಳಿದರೂ ಆರಾಮ ಅನ್ನಬೇಕು, ಅದು ಮರ್ಯಾದೆ. ಕಾಲು ಮುರಿದು ನೇತಾಡುತ್ತಿದ್ದರೂ "ಆರಾಮ, ನೀವು ಆರಾಮಾ? ಊಟ ಆಯ್ತಾ?" ಅಂತ ತಿರುಗಿ ಕೇಳದಿದ್ದರೆ ಮನೆತನಕ್ಕೇ ಕೆಟ್ಟ ಹೆಸರು.

ಒಂದು ಆಷಾಢದಲ್ಲಿ ಸಂಸೆ ಕಡೆಯ ಒಬ್ಬರು ಜ್ವರ ಬಂದು ಮಲಗಿದ್ದರು. ಕೈಗೆ ಡ್ರಿಪ್ ಹಾಕಿತ್ತು. ಬೆಳಿಗ್ಗೆ ಸಿಸ್ಟರ್ ಬಂದು ಕೇಳಿದರು, ಆರಾಮ ಅಂದರು. ಮಧ್ಯಾಹ್ನ ಕೇಳಿದರು, ಆರಾಮ ಅಂದರು. ಸಂಜೆ ಹಾಸಿಗೆ ಬದಲಾಯಿಸೋಕೆ ಹೋದ ಆಯಾ ಕಿರುಚಿಕೊಂಡಳು. ಸೂಜಿ ಯಾವಾಗಲೋ ಕೈಯಿಂದ ಜಾರಿ ದಿಂಬಿಗೆ ಚುಚ್ಚಿಕೊಂಡಿತ್ತು. ಬಾಟಲಿ ಪೂರಾ ದಿಂಬೇ ಕುಡಿದಿತ್ತು. ಆ ಮನುಷ್ಯ ಒದ್ದೆ ದಿಂಬಿನ ಮೇಲೆ ತಲೆಯಿಟ್ಟು ತಣ್ಣಗೆ ಮಲಗಿದ್ದಾರೆ.

"ಒದ್ದೆ ಆಗಿದೆ ಅಂತ ಹೇಳಬಾರದಾ ಮಾರಾಯ್ರೇ?" ಅಂದೆ ನಾನು.

"ಮಳೆಗಾಲ ಅಲ್ವಾ? ಮಾಡು ಸೋರ್ತಾ ಇದೆ ಅಂದ್ಕೊಂಡೆ. ನಮ್ಮನೇಲೂ ಸೋರುತ್ತೆ. ಅದನ್ನೆಲ್ಲ ಅವರ ಹತ್ರ ಹೇಳಿ ಅವರಿಗೆ ಬೇಜಾರು ಮಾಡೋದು ಯಾಕೆ?"

ಅವರ ಜ್ವರ ಇಳಿಯೋಕೆ ಮತ್ತೂ ಸ್ವಲ್ಪ ದಿನ ಬೇಕಾಯಿತು. ದಿಂಬು ಮಾತ್ರ ಆ ಸಂಜೆಯೇ ಚೇತರಿಸಿಕೊಂಡಿತ್ತು.

ದೊಡ್ಡ ಸಿಸ್ಟರ್ ಹಟ

ಈ ದಿಂಬಿನ ಪ್ರಕರಣಕ್ಕೆ ನಗದೇ ಇದ್ದವರು ಒಬ್ಬರೇ, ನಮ್ಮ ಹೆಡ್ ನರ್ಸು. ಅವರನ್ನು ನಾವೆಲ್ಲ ದೊಡ್ಡ ಸಿಸ್ಟರ್ ಅನ್ನೋದು. ಆಲ್ದೂರಿನ ಕಡೆಯವರು. ಅವರು ಕನ್ನಡಕದ ಮೇಲಿಂದ ನೋಡಿದರೆ ಗಾಡಿಯ ಇಂಜಿನ್ ತಾನಾಗಿ ಆಫ್ ಆಗುತ್ತದೆ. ಮೂರನೇ ದಿನ ಹೊಸ ಪದ್ಧತಿ ತಂದರು.

ಇನ್ನು ಮೇಲೆ ಆರಾಮಾ ಅಂತ ಯಾರೂ ಕೇಳುವ ಹಾಗಿಲ್ಲ. ಪ್ರತಿ ರೋಗಿಗೂ, ಪ್ರತಿ ಪಾಳಿಯಲ್ಲೂ, ತಲೆಯಿಂದ ಕಾಲಿನ ತನಕ ಒಂದೇ ಕ್ರಮದಲ್ಲಿ ಅವೇ ಪ್ರಶ್ನೆ. ನಿದ್ದೆ ಬಂತಾ, ಊಟ ಸೇರಿತಾ, ಹಲ್ಲು ಇದೆಯಾ, ನೋವು ಹತ್ತಕ್ಕೆ ಎಷ್ಟು, ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದೀರಾ, ನಡೆದಾಡಿದ್ರಾ, ಬಾಯಾರಿಕೆ ಹೇಗಿದೆ, ಮೂತ್ರ ಹೇಗಿದೆ, ಬೆನ್ನು ತೋರಿಸಿ, ಕಾಲು ತೋರಿಸಿ. ಬಡವ, ಸಾಹುಕಾರ, ಪರಿಚಯದವರು ಅಂತ ಯಾರಿಗೂ ಒಂದು ಪ್ರಶ್ನೆಯೂ ಬಿಡುವ ಹಾಗಿಲ್ಲ.

ಡಾಕ್ಟರಿಗೆ ತಲೆಬಿಸಿ. "ಇಷ್ಟೆಲ್ಲ ಕೇಳ್ತಾ ಕೂತರೆ ಇಂಜೆಕ್ಷನ್ ಯಾರು ಕೊಡೋದು ಸಿಸ್ಟರ್? ಆಯ್ತು, ಕಾಫಿ ಕೊಯ್ಲು ಮುಗಿಯೋ ತನಕ ಮಾಡಿ ನೋಡಿ. ಆಮೇಲೆ ನಮ್ಮ ಆಸ್ಪತ್ರೆ ಟ್ರಸ್ಟಿನ ಅಧ್ಯಕ್ಷರು ಬಂದು ನೋಡ್ತಾರೆ. ರೋಗಿಗಳಿಗೂ ನಿಮ್ಮ ಹುಡುಗಿಯರಿಗೂ ಹಿತ ಅನ್ನಿಸಿದ್ರೆ ಇರಲಿ. ಇಲ್ಲಾಂದ್ರೆ ಮತ್ತೆ ಆರಾಮಾ."

"ಮತ್ತೆ ಆರಾಮಾ ಅಂತಾದ್ರೆ ನಾನು ಹಾಸನಕ್ಕೆ ಹೊರಟೆ ಡಾಕ್ಟ್ರೇ. ಅಲ್ಲಿ ಕರೀತಾ ಇದಾರೆ. ದಿಂಬಿಗೆ ಡ್ರಿಪ್ ಕೊಡೋ ಕಡೆ ನನಗೆ ಕೆಲಸ ಬೇಡ."

ಅವರು ಹಾಗೆ ಹೇಳಿದರೆ ಹೋದರು ಅಂತಲೇ ಅರ್ಥ. ಎಲ್ಲರಿಗೂ ಗಾಬರಿ ಆಯಿತು, ಎಲ್ಲರಿಗಿಂತ ಹೆಚ್ಚು ನನಗೆ. ಹಿಡಿದು ಬೈಯೋದಕ್ಕೆ ಒಬ್ಬರು ಇಲ್ಲದ ಕಡೆ ನಾನು ಯಾರನ್ನು ನೆಚ್ಚಿಕೊಂಡು ಕಿತಾಪತಿ ಮಾಡೋದು, ಹೇಳಿ?

ಮೂಟೆ ತೂಕ ಕಳೆದು

ಕೊಯ್ಲು ಶುರುವಾದ ಹೊಸದು. ಒಬ್ಬ ಹೆಂಗಸು ತೋಟದ ಚರಂಡಿಯಲ್ಲಿ ಜಾರಿ ಕೈಮಣಿಕಟ್ಟು ಊದಿಸಿಕೊಂಡು ಬಂದಳು. ನಾನೇ ಕರೆದುಕೊಂಡು ಬಂದದ್ದು. ಕಾಫಿ ಹಣ್ಣು ಕೊಯ್ಯುವ ಕೈ, ದಾರಿಯುದ್ದಕ್ಕೂ ಅದನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ವಾರ್ಡಿನಲ್ಲಿ ಇದ್ದವರು ಸಣ್ಣ ಸಿಸ್ಟರ್. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಸೇರಿದ ಹೊಸದರಲ್ಲಿ ರೋಗಿಗಳ ಕಡೆಯವರು "ಯಾರೂ ನೋಡೋರೇ ಇಲ್ಲ ಇಲ್ಲಿ" ಅಂತ ಕೂಗಾಡಿದಾಗೆಲ್ಲ ಔಷಧಿ ಕೋಣೆಗೆ ಹೋಗಿ ಮೂಗು ಒರೆಸಿಕೊಂಡು ಬರುತ್ತಿದ್ದರು.

"ಅಕ್ಕಾ, ನೋವು ಹತ್ತಕ್ಕೆ ಎಷ್ಟು?"

"ಹದಿಮೂರು ಹಾಕ್ಕೊಳ್ಳಿ."

"ಹತ್ತರ ತನಕ ಮಾತ್ರ ಅಕ್ಕಾ. ನೋವೇ ಇಲ್ಲಾಂದ್ರೆ ಸೊನ್ನೆ, ತಡೆಯೋಕೇ ಆಗೋಲ್ಲ ಅಂದ್ರೆ ಹತ್ತು."

"ಗೊತ್ತಾಯ್ತು ಸಿಸ್ಟರೇ. ಹದಿಮೂರು ಹಾಕಿ."

"ಹದಿಮೂರು ಇಲ್ವಲ್ಲ!"

ಆ ಹೆಂಗಸಿಗೆ ಸಣ್ಣ ಸಿಸ್ಟರ್ ಮೇಲೆ ಕನಿಕರ ಬಂತು. ಲೋಕ ತಿಳಿಯದ ಹುಡುಗಿ ಅನ್ನುವ ಹಾಗೆ ಬಿಡಿಸಿ ಹೇಳಿದಳು. "ನಾನು ಹದಿಮೂರು ಅಂದ್ರೆ ನೀವು ಹತ್ತು ಬರೀತೀರಿ. ಸಂಜೆ ಕೊಯ್ದ ಹಣ್ಣು ತೂಕಕ್ಕೆ ಹಾಕಿದಾಗ ತೋಟದ ಲೆಕ್ಕ ಬರೆಯೋ ನಮ್ಮ ರೈಟರು ಮೂಟೆ ತೂಕ ಅಂತ ಒಂದಿಷ್ಟು, ಎಲೆ ಸೇರಿದೆ ಅಂತ ಒಂದಿಷ್ಟು, ಹಣ್ಣು ಒದ್ದೆ ಅಂತ ಒಂದಿಷ್ಟು ಕಳೀತಾರಲ್ಲ. ನೀವೂ ಕಳೀಬೇಕಲ್ವಾ?"

"ಇಲ್ಲಿ ಏನೂ ಕಳೆಯೋಲ್ಲ ಅಕ್ಕಾ. ನೀವು ಹೇಳಿದಷ್ಟೂ ಬರೀತೀವಿ."

"ಪೂರಾ?"

"ಪೂರಾ."

ಹೆಂಗಸು ನನ್ನ ಮುಖ ನೋಡಿದಳು. ನಾನು, ಹೌದು ಅಂತ ತಲೆಯಾಡಿಸಿದೆ. ಊದಿದ ಕೈಯನ್ನು ಒಮ್ಮೆ ನಿಧಾನ ತಿರುಗಿಸಿ ನೋಡಿಕೊಂಡಳು. "ಹಂಗಾದ್ರೆ ಏಳು" ಅಂದಳು. ಆಮೇಲೆ ಸಣ್ಣ ಸಿಸ್ಟರ್ ಗಲ್ಲ ಮುಟ್ಟಿ ನನ್ನ ಕಡೆ ತಿರುಗಿದಳು. "ಅಣ್ಣಾ, ಈ ಹುಡುಗೀನ ನಮ್ಮ ಎಸ್ಟೇಟಿಗೆ ರೈಟರ್ ಮಾಡಿ ಕಳಿಸೋಕೆ ಆಗುತ್ತಾ?"

ಮೇಸ್ತ್ರಿಗಿಂತ ಮೇಲೆ ಹೋಗಬಾರದು

ಮತ್ತೊಂದು ಸಲ ಮಲ್ಲಂದೂರಿನಿಂದ ಈಚೆ ಕೆಲಸಕ್ಕೆ ಬಂದಿದ್ದ ಒಂದು ಗ್ಯಾಂಗಿಗೆ ಹೆಜ್ಜೇನು ಎದ್ದುಬಿಟ್ಟಿತು. ಕಾಳುಮೆಣಸು ಕೊಯ್ಯೋಕೆ ಮರಕ್ಕೆ ಏಣಿ ಒರಗಿಸಿದ್ದಾರೆ, ಮೇಲೆ ಗೂಡು ಇದ್ದದ್ದು ಯಾರಿಗೂ ಕಂಡಿಲ್ಲ. ನಾನು ಹೋಗಿ ತುಂಬಿಕೊಂಡು ಬರುವಾಗ ಗಾಡಿಯೊಳಗೆ ಯಾರು ಯಾರು ಅಂತ ಗುರುತೇ ಸಿಗುತ್ತಿರಲಿಲ್ಲ. ಎಲ್ಲರ ಮುಖವೂ ಹಲಸಿನಕಾಯಿ.

ಡಾಕ್ಟರು ಔಷಧಿ ಹಾಕಿ ಉಸಿರು ಗಿಸಿರು ನೋಡಿ, ಯಾರಿಗೂ ಅಪಾಯ ಇಲ್ಲ ಅಂತ ಹೋದರು. ಸಣ್ಣ ಸಿಸ್ಟರ್ ಪ್ರಶ್ನೆ ಶುರು ಮಾಡಿದರು. ಮೊದಲು ಸಿಕ್ಕಿದ್ದು ಗ್ಯಾಂಗಿನ ಮೇಸ್ತ್ರಿ. ಅವನಿಗೆ ಕಡಿದದ್ದು ಕಡಿಮೆ, ಕಂಬಳಿ ಹೊದ್ದುಕೊಂಡು ಎಲ್ಲರಿಗಿಂತ ಮುಂದೆ ಓಡಿದ್ದ.

"ನೋವು ಹತ್ತಕ್ಕೆ ಎಷ್ಟು?"

"ಐದು ಅಂತ ಇಟ್ಕೊಳ್ಳಿ."

ಪಕ್ಕದ ಮಂಚದವನು ನಾಲ್ಕೂವರೆ ಅಂದ. ಅದರ ಪಕ್ಕದವನು ನಾಲ್ಕು. ಹೀಗೇ ಇಳಿಯುತ್ತಾ ಹೋಯಿತು. ಕೊನೇ ಮಂಚದಲ್ಲಿ ಒಬ್ಬ ಇದ್ದ, ಅವನಿಗೆ ಎರಡೂ ಕಣ್ಣು ಮುಚ್ಚಿಹೋಗಿತ್ತು. ತುಟಿ ಮೂಗಿನ ತನಕ ಬಂದಿತ್ತು. ಅವನು ಬಾಯಿ ತೆರೆಯಲಾರದೆ ಒಂದು ಬೆರಳು ಎತ್ತಿ ತೋರಿಸಿದ. ಒಂದಂತೆ!

ಸಣ್ಣ ಸಿಸ್ಟರಿಗೆ ಅನುಮಾನ ಬಂತು. ಮೇಸ್ತ್ರಿಯನ್ನೇ ಕೇಳಿದರು. ಅವನಿಗೆ ಇದರಲ್ಲಿ ಅನುಮಾನ ಪಡುವಂಥದ್ದು ಏನಿದೆ ಅಂತಲೇ ತಿಳಿಯಲಿಲ್ಲ. "ಅವನು ಮೊನ್ನೆ ಸೇರಿದವನು ಸಿಸ್ಟರೇ. ನನಗೇ ಐದು ಇರುವಾಗ ಅವನಿಗೆ ಹೆಚ್ಚು ಹೆಂಗೆ ಬರುತ್ತೆ?"

ಸಣ್ಣ ಸಿಸ್ಟರ್ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು "ಬನ್ನಿ ಮೇಸ್ತ್ರಿ, ಒಂದು ಬೀಡಿ ಎಳೆದು ಬರೋಣ" ಅಂತ ಹೊರಗೆ ಕರೆದುಕೊಂಡು ಹೋದೆ. ಅವನು ಬಾಗಿಲು ದಾಟಿದ್ದೇ ತಡ, ವಾರ್ಡಿನಲ್ಲಿ ನೋವು ಏರಿತು. ಎಂಟು, ಒಂಬತ್ತು, ಕೊನೇ ಮಂಚದವನು ಹತ್ತೂ ಬೆರಳು ಎತ್ತಿ ಸಾಲದು ಅಂತ ಕಾಲಿನ ಬೆರಳೂ ಬಿಡಿಸಿದನಂತೆ. ಅವನಿಗೆ ಮೊದಲು ಇಂಜೆಕ್ಷನ್ ಆಯಿತು.

ಹೊರಗೆ ಮೇಸ್ತ್ರಿ ಬೀಡಿ ಎಳೆಯುತ್ತಾ ಮೆಲ್ಲಗೆ ಕೇಳಿದ. "ಅಣ್ಣಾ, ನನ್ನ ಐದು ಅಲ್ಲಿ ಹಂಗೇ ಇದೆ ತಾನೇ? ಯಾರೂ ದಾಟಿಲ್ಲ ತಾನೇ?"

ನಾನು, "ನೀವೇ ಫಸ್ಟ್" ಅಂದೆ.

ತೋಟ ಜಾರಿದ್ದು

ಈಗ ಅಧ್ಯಕ್ಷರ ವಿಷಯ. ಕೊಯ್ಲು ಮುಗಿದ ಮೇಲೆ ಬಂದು ನೋಡಬೇಕಾಗಿದ್ದ ಟ್ರಸ್ಟಿನ ಅಧ್ಯಕ್ಷರು ಕೊಯ್ಲಿನ ಮಧ್ಯದಲ್ಲೇ ಬಂದರು. ನಡೆದುಕೊಂಡು ಬರಲಿಲ್ಲ, ನಾನು ಸ್ಟ್ರೆಚರಿನಲ್ಲಿ ತಂದೆ. ದೊಡ್ಡ ಕಾಫಿ ತೋಟದ ಸಾಹುಕಾರ್ರು. ಪಕ್ಕೆ ಹಿಡಿದುಕೊಂಡು ಮುಖ ಗಂಟು ಹಾಕಿದ್ದರು. ಜೊತೆಯಲ್ಲಿ ಅವರ ಹೆಂಡತಿ, ಅಮ್ಮನವರು.

ಸಣ್ಣ ಸಿಸ್ಟರ್ ಕೇಳಿದರು. "ಸಾಹುಕಾರ್ರೇ, ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದೀರಾ?"

"ನಾನು ಬೀಳೋ ಮನುಷ್ಯ ಅಲ್ಲ."

"ಪಕ್ಕೆಗೆ ಏಟು ಆಗಿದೆಯಲ್ಲ..."

"ತೋಟ ಸ್ವಲ್ಪ ಜಾರಿತು."

ಮಧ್ಯಾಹ್ನದ ಪಾಳಿಯ ಸಿಸ್ಟರ್ ಬಂದು ಅದನ್ನೇ ಕೇಳಿದರು. ಸಾಹುಕಾರ್ರಿಗೆ ಸಿಟ್ಟು ಬಂತು. "ಆಚೆ ಮಂಚದಲ್ಲಿ ನಮ್ಮ ತೋಟದ ಆಳು ಮಲಗಿದಾನೆ. ಅವನಿಗೂ ಇದೇ ಪ್ರಶ್ನೆ, ನನಗೂ ಇದೇ ಪ್ರಶ್ನೆಯಾ?"

"ಹೌದು ಸಾಹುಕಾರ್ರೇ."

"ಅವನು ಏನಂದ?"

"ಬಿದ್ದಿಲ್ಲ ಅಂದ."

"ಸರಿ, ನಾನೂ ಬಿದ್ದಿಲ್ಲ. ಏಣಿ ಇಳಿದು ಬಂತು, ನಾನೂ ಅದರ ಜೊತೆ ಬಂದೆ."

ಮರುದಿನ ಬೆಳಿಗ್ಗೆ ಮತ್ತೆ ಸಣ್ಣ ಸಿಸ್ಟರ್, ಮತ್ತೆ ಅದೇ ಪ್ರಶ್ನೆ. ಆಗ ಅಮ್ಮನವರು ಬಿಸಿನೀರು ತರೋಕೆ ಹೋಗಿದ್ದರು. ಸಾಹುಕಾರ್ರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಆಳುಗಳು ಮೆಣಸಿನ ಏಣಿ ಹತ್ತೋಕೆ ಸೋಮಾರಿತನ ಮಾಡಿದರಂತೆ. "ನಮ್ಮ ಕಾಲದಲ್ಲಿ ಹೆಂಗೆ ಹತ್ತುತಿದ್ವಿ, ನೋಡಿ" ಅಂತ ತೋರಿಸಲು ಇವರು ಹತ್ತಿದರಂತೆ. ಹತ್ತಿದ್ದನ್ನು ನೋಡಿದವರಿಗಿಂತ ಇಳಿದದ್ದನ್ನು ನೋಡಿದವರೇ ಜಾಸ್ತಿ. "ತಲೆಗೂ ಪೆಟ್ಟಾಯ್ತು. ಯಾರ ಹತ್ರವೂ ಹೇಳಬೇಡ ಮಗಾ."

ತಲೆ ಅಂದ ಕೂಡಲೇ ಸಣ್ಣ ಸಿಸ್ಟರ್ ಡಾಕ್ಟರ ಹತ್ತಿರ ಓಡಿದರು. ನಾನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ ತಂದೆ. ಅದೃಷ್ಟ, ತಲೆಯಲ್ಲಿ ಏನೂ ಇರಲಿಲ್ಲ. ಹೀಗಂತ ನಾನಲ್ಲ, ಅಮ್ಮನವರು ಹೇಳಿದ್ದು, ಇಡೀ ವಾರ್ಡಿಗೆ ಕೇಳುವ ಹಾಗೆ: "ಈ ವಯಸ್ಸಲ್ಲಿ ಏಣಿ ಹತ್ತುವವರ ತಲೇಲಿ ಏನಿರುತ್ತೆ ಡಾಕ್ಟ್ರೇ?"

ಮನೆಗೆ ಹೋಗುವಾಗ ಸಾಹುಕಾರ್ರು ದೊಡ್ಡ ಸಿಸ್ಟರನ್ನು ಒಮ್ಮೆ ನೋಡಿ "ಈ ಪ್ರಶ್ನೆಗಳ ವಿಷಯ ಕೊಯ್ಲು ಮುಗೀಲಿ, ನೋಡ್ತೀನಿ" ಅಂದರು. ಆ ನೋಡ್ತೀನಿ ಯಾವ ನಮೂನೆಯದು ಅಂತ ಯಾರಿಗೂ ತಿಳಿಯಲಿಲ್ಲ. ದೊಡ್ಡ ಸಿಸ್ಟರ್ ಆ ದಿನ ಸಂಜೆ ಹಾಸನಕ್ಕೆ ಬಸ್ಸು ಎಷ್ಟು ಹೊತ್ತಿಗೆ ಅಂತ ನನ್ನನ್ನು ಕೇಳಿದರು. ನಾನು ಹಾಸನಕ್ಕೆ ಬಸ್ಸೇ ಇಲ್ಲ ಅಂದೆ.

ಮನೆಗೆ ಒಯ್ದ ಪ್ರಶ್ನೆ

ಇದು ಸಣ್ಣದು. ಒಬ್ಬ ಹೆಂಗಸು ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡಳು. ತುಂಬಿದ ಮನೆ, ದಿನಾ ದೊಡ್ಡ ಪಾತ್ರೆಯಲ್ಲಿ ಅಡಿಗೆ ಮಾಡಿ ಬಡಿಸುವವಳು. ಅವಳಿಗೆ ಈ ಪ್ರಶ್ನೆ ಅಂದರೆ ಪ್ರಾಣ. ನಿದ್ದೆ ಬಂತಾ ಅಂತ ಒಬ್ಬರು ಬಂದು ಕೇಳುತ್ತಾರೆ, ಊಟ ಸೇರಿತಾ ಅಂತ ಇನ್ನೊಬ್ಬರು ಬಂದು ಕೇಳುತ್ತಾರೆ, ಅದೂ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ! ಸಿಸ್ಟರ್ ಬರುವುದು ತಡವಾದರೆ ಗೋಡೆಯ ಗಡಿಯಾರ ನೋಡುತ್ತಿದ್ದಳು. ಮನೆಗೆ ಹೋಗುವ ದಿನ ಅತ್ತೇ ಬಿಟ್ಟಳು. ದೊಡ್ಡ ಸಿಸ್ಟರ್ ಅವಳ ಗಂಡನನ್ನು ಕರೆದು, "ಇದನ್ನೆಲ್ಲ ಮನೆಯಲ್ಲಿ ನೀವು ಕೇಳಬೇಕು, ತಿಳೀತಾ?" ಅಂತ ಹೇಳಿ ಕಳಿಸಿದರು.

ಹೊಲಿಗೆ ಬಿಚ್ಚಿಸೋಕೆ ಬಂದಾಗ ಗಂಡನ ಮುಖ ಸಪ್ಪಗಿತ್ತು.

"ಕೇಳಿದ್ರಾ?" ಅಂದರು ದೊಡ್ಡ ಸಿಸ್ಟರ್.

"ಕೇಳಿದೆ ಸಿಸ್ಟರೇ. ಬೆಳಿಗ್ಗೆ ಎದ್ದು ಹತ್ರ ಕೂತು ನೋವು ಹತ್ತಕ್ಕೆ ಎಷ್ಟು ಅಂದೆ. ‘ನೀವು ಬಂದು ಕೂರೋ ತನಕ ಎರಡು ಇತ್ತು, ಈಗ ಎಂಟು’ ಅಂದಳು."

ನನ್ನ ಗೈಡು

ಇಷ್ಟೆಲ್ಲ ಚೆನ್ನಾಗಿ ನಡೀತಾ ಇರುವಾಗ ನಾನು ಸುಮ್ಮನೆ ಕೂರಬಹುದಾಗಿತ್ತು. ಕೂತಿದ್ದರೆ ನಾನು ಯಾಕೆ ನಾನಾಗುತ್ತಿದ್ದೆ?

ಒಂದು ದಿನ ಗಂಡಸರ ವಾರ್ಡಿಗೆ ಹೋಗಿ ಗಂಭೀರವಾಗಿ ಹೇಳಿದೆ. "ನೋಡಿ, ಇದು ಪರೀಕ್ಷೆ. ಸರಿಯಾದ ಉತ್ತರ ಹೇಳಿದವರನ್ನ ಬೇಗ ಮನೆಗೆ ಬಿಡ್ತಾರೆ. ತಪ್ಪಿದವರು ಇಲ್ಲೇ." ಎಲ್ಲರೂ ಎದ್ದು ಕೂತರು. ಸರಿಯಾದ ಉತ್ತರ ಯಾವುದು ಅಂದರು. ನಾನು ಬಾಯಿಪಾಠ ಮಾಡಿಸಿದೆ. ನಿದ್ದೆ ಒಳ್ಳೇದು. ಊಟ ಸೇರಿತು. ಹಲ್ಲು ಎಲ್ಲಾ ಇದೆ. ನೋವು ಎರಡು. ಬಿದ್ದಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಎರಡು ಸುತ್ತು ನಡೆದೆ.

ಯಾಕೆ ಹೀಗೆ ಮಾಡಿದೆ ಅಂತ ಕೇಳಬೇಡಿ. ವಾರ್ಡಿನ ಉತ್ತರ ಚೆನ್ನಾಗಿ ಬಂದರೆ ಅಧ್ಯಕ್ಷರಿಗೆ ಖುಷಿಯಾಗಿ ದೊಡ್ಡ ಸಿಸ್ಟರ್ ಉಳಿಯಲಿ ಅಂತ ಒಂದು ಕಾರಣ. ಇದು ನಾನು ದೊಡ್ಡ ಸಿಸ್ಟರಿಗೆ ಹೇಳಿದ್ದು. ಅವತ್ತು ಗಾಡಿ ರಿಪೇರಿಗೆ ಹೋಗಿತ್ತು, ನನಗೆ ಕೆಲಸ ಇರಲಿಲ್ಲ ಅನ್ನುವುದು ಇನ್ನೊಂದು ಕಾರಣ. ಇದು ನಿಮಗೆ ಹೇಳಿದ್ದು.

ಮರುದಿನ ರೌಂಡಿಗೆ ಬಂದದ್ದು ದೊಡ್ಡ ಸಿಸ್ಟರೇ. ಮೊದಲನೆಯವನು ಗಡಗಡ ಅಂತ ಹೇಳಿದ. ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವರು ಒಬ್ಬ ಅಜ್ಜ, ಬಾಯಲ್ಲಿ ಒಂದು ಹಲ್ಲೂ ಇಲ್ಲ.

"ಹಲ್ಲು ಎಲ್ಲಾ ಇದೆ" ಅಂದರು ಅಜ್ಜ, ವಸಡು ತೋರಿಸಿ ನಗುತ್ತಾ.

ಆಚೆ ಮಂಚದವನ ಕಾಲು ಪ್ಲಾಸ್ಟರ್ ಹಾಕಿ ಮೇಲಕ್ಕೆ ಕಟ್ಟಿತ್ತು. ಅವನಿಗೆ ತನ್ನ ಸರದಿ ಬರುವ ತನಕ ತಡೆಯಲಾಗಲಿಲ್ಲ. "ಸಿಸ್ಟರೇ, ಬೆಳಿಗ್ಗೆ ಅಂಗಳದಲ್ಲಿ ಎರಡು ಸುತ್ತು ನಡೆದೆ" ಅಂತ ಕೂಗಿದ.

ದೊಡ್ಡ ಸಿಸ್ಟರ್ ತಿರುಗಿ ಕಿಟಕಿ ಹೊರಗೆ ನೋಡಿದರು. ಕಿಟಕಿ ಹೊರಗೆ ನಾನಿದ್ದೆ. ಯಾರು ಹೇಳಿಕೊಟ್ಟದ್ದು ಅಂತ ಅವರು ಕೇಳಲೇ ಇಲ್ಲ ನೋಡಿ. ಕೆಲವು ಕಾಯಿಲೆಗೆ ಪ್ರಶ್ನೆ ಬೇಡ, ಮುಖ ನೋಡಿದರೆ ಸಾಕು. ಆ ವಾರ ಪೂರಾ ಗಂಡಸರ ವಾರ್ಡಿನ ಬೆಡ್‌ಪ್ಯಾನ್ ತೊಳೆದವನು ನಾನು. "ಎರಡು ಸುತ್ತು ತೊಳೆಯಿರಿ" ಅನ್ನುತ್ತಿದ್ದರು.

ಕಾಫಿ ಬೀಜ

ಕೊಯ್ಲು ಮುಗಿಯಿತು. ಅಧ್ಯಕ್ಷರು ಬರುವ ದಿನವೂ ಬಂತು. ಆಸ್ಪತ್ರೆ ತೊಳೆದು ಒರೆಸಿ ಕಾಯುತ್ತಿದ್ದಾರೆ, ಒಂದೇ ತೊಂದರೆ, ಗಂಡಸರ ವಾರ್ಡಿನಲ್ಲಿ ರೋಗಿಗಳೇ ಇಲ್ಲ. ಹಿಂದಿನ ದಿನವಷ್ಟೇ ಎಲ್ಲರೂ ಗುಣವಾಗಿ ಮನೆಗೆ ಹೋಗಿದ್ದರು. ಹೆಂಗಸರ ವಾರ್ಡಿಗೆ ಅಧ್ಯಕ್ಷರು ಕಾಲಿಡೋಲ್ಲ, ಸಂಕೋಚದ ಮನುಷ್ಯ.

"ಯಾರನ್ನ ತೋರಿಸೋದು ಸಿಸ್ಟರ್? ಖಾಲಿ ಮಂಚಕ್ಕೆ ಪ್ರಶ್ನೆ ಕೇಳ್ತೀರಾ?" ಅಂದರು ಡಾಕ್ಟರು.

ದೊಡ್ಡ ಸಿಸ್ಟರ್ ಖಾಲಿ ಮಂಚದ ಹೊದಿಕೆ ಎಳೆದು ಸರಿ ಮಾಡಿದರು. ಅವರ ಕೋಣೆಯಲ್ಲಿ ಸೂಟ್‌ಕೇಸು ಮಂಚದ ಕೆಳಗಿಂದ ಮೇಲೆ ಬಂದಿದೆ ಅಂತ ಆಯಾ ಬೆಳಿಗ್ಗೆಯೇ ನನ್ನ ಕಿವಿಗೆ ಹಾಕಿದ್ದಳು.

"ನಾನು ಮಲಗ್ತೀನಿ" ಅಂದೆ.

"ನೀವು ಬೇಡ" ಅಂದರು ದೊಡ್ಡ ಸಿಸ್ಟರ್. "ಯಾರು ಬೇಕಾದರೂ ಮಲಗಲಿ, ನೀವು ಬೇಡ."

ಅಷ್ಟರಲ್ಲಿ ಹೊರಗೆ ಜೀಪಿನ ಹಾರನ್ನು. ನಾನು ಶೂ ಬಿಚ್ಚಿ, ಸಾಕ್ಸ್ ಸಮೇತ ಮಂಚಕ್ಕೆ ಹಾರಿ, ಹೊದಿಕೆ ಗಲ್ಲದ ತನಕ ಎಳೆದುಕೊಂಡೆ. ಮುಖವನ್ನು ಆದಷ್ಟು ಸೊರಗಿಸಿದೆ.

ಸಾಹುಕಾರ್ರು ಬಂದರು, ನೋಡಿದರು. "ಇವನು ನನ್ನನ್ನ ಚಿಕ್ಕಮಗಳೂರಿಗೆ ಕರ್ಕೊಂಡು ಹೋದ ಡ್ರೈವರ್ ಅಲ್ವಾ?"

"ಡ್ರೈವರಿಗೆ ಹುಷಾರು ತಪ್ಪಬಾರದಾ ಸಾಹುಕಾರ್ರೇ?" ಅಂದೆ ಕ್ಷೀಣ ದನಿಯಲ್ಲಿ.

"ಏನಾಗಿದೆ?"

ಅದನ್ನು ನಾನು ಯೋಚಿಸಿರಲಿಲ್ಲ. "ಹೊಟ್ಟೆ" ಅಂದೆ. ಎಲ್ಲರಿಗೂ ಇರುವಂಥದ್ದು.

"ಸರಿ. ಕೇಳಮ್ಮಾ ನಿನ್ನ ಪ್ರಶ್ನೆ, ನಾನೂ ನೋಡ್ತೀನಿ" ಅಂತ ಕುರ್ಚಿ ಎಳೆದುಕೊಂಡು ಕೂತರು.

ಸಣ್ಣ ಸಿಸ್ಟರ್ ಶುರು ಮಾಡಿದರು. ನಾನು ನನ್ನ ಗೈಡಿನಿಂದ ಉತ್ತರ ಕೊಟ್ಟೆ. ನಿದ್ದೆ ಒಳ್ಳೇದು. ಊಟ ಸೇರಿತು. ಹಲ್ಲು ಎಲ್ಲಾ ಇದೆ. ನೋವು ಎರಡು. ಬಿದ್ದಿಲ್ಲ. ಎರಡು ಸುತ್ತು ನಡೆದೆ. ದೊಡ್ಡ ಸಿಸ್ಟರ್ ಮೂಲೆಯಲ್ಲಿ ನಿಂತು ಹಲ್ಲು ಕಚ್ಚುತ್ತಿದ್ದರು. ಸಾಹುಕಾರ್ರಿಗೆ ಆಕಳಿಕೆ ಬಂತು. ಡಾಕ್ಟರು ಸಣ್ಣ ಸಿಸ್ಟರಿಗೆ ಸಾಕು ಅನ್ನುವ ಹಾಗೆ ಕೈ ತೋರಿಸಿದರು. ಅವರಿಗೂ ನಾನು ನಾಟಕದವನು ಅಂತ ಗೊತ್ತು. ಆದರೆ ಯಾರಿಗೂ ಒಂದು ಪ್ರಶ್ನೆಯೂ ಬಿಡಬಾರದು ಅಂತ ಕಲಿಸಿದ್ದಾರಲ್ಲ, ಆ ಹುಡುಗಿ ನಿಲ್ಲಿಸಲೇ ಇಲ್ಲ.

"ಬಾಯಾರಿಕೆ ಜಾಸ್ತಿ ಆಗುತ್ತಾ ಅಣ್ಣಾ?"

ಇದು ಗೈಡಿನಲ್ಲಿ ಇರಲಿಲ್ಲ. ಗೈಡಿನಲ್ಲಿ ಇಲ್ಲದ್ದಕ್ಕೆ ಮನುಷ್ಯ ನಿಜ ಹೇಳಿಬಿಡುತ್ತಾನೆ ಮಾರಾಯ್ರೇ, ಅಭ್ಯಾಸ ತಪ್ಪಿ. "ಆಗುತ್ತೆ. ಗಾಡೀಲಿ ಯಾವಾಗಲೂ ದೊಡ್ಡ ಬಾಟಲಿ ಇಟ್ಕೊಂಡಿರ್ತೀನಿ."

"ಮೂತ್ರಕ್ಕೆ ಮತ್ತೆ ಮತ್ತೆ ಹೋಗ್ತೀರಾ?"

"ಘಾಟಿಯಲ್ಲಿ ತಿರುವಿಗೊಂದು ಸಲ ನಿಲ್ಲಿಸ್ತಾನೆ" ಅಂದರು ಸಾಹುಕಾರ್ರು. "ನನಗೆ ಪಕ್ಕೆ ಮುರಿದು ನೋವಾಗ್ತಾ ಇದೆ, ಇವನು ಪೊದೆ ಹುಡುಕ್ತಾ ಇದಾನೆ!"

"ಕಾಲು ತೋರಿಸಿ ಅಣ್ಣಾ."

ನಾನು ಸಾಕ್ಸ್ ಎಳೆದೆ. ಬಲಗಾಲಿನ ಅಂಗಾಲಿನಲ್ಲಿ ಏನೋ ಕಪ್ಪಗೆ ಕಂಡಿತು. ಸಣ್ಣ ಸಿಸ್ಟರ್ ಬಗ್ಗಿ ನೋಡಿದರು. ಒಂದು ಕಾಫಿ ಬೀಜ. ಚರ್ಮಕ್ಕೆ ಒತ್ತಿಕೊಂಡು ಸುತ್ತ ಹುಣ್ಣಾಗಿ, ಅದು ಅಲ್ಲೇ ಮನೆ ಮಾಡಿಕೊಂಡಿತ್ತು.

"ಅಣ್ಣಾ, ಇದು ಯಾವಾಗಿನಿಂದ?"

"ಯಾವುದು?"

"ನೋವಾಗ್ತಾ ಇಲ್ವಾ?"

"ಎಲ್ಲಿ?"

ದೊಡ್ಡ ಸಿಸ್ಟರ್ ಮೂಲೆಯಿಂದ ಬಂದು ನನ್ನ ಕಾಲನ್ನು ಕೈಯಲ್ಲಿ ಹಿಡಿದುಕೊಂಡರು. ಬೈತಾರೆ ಅಂತ ಕಾದೆ. ಬೈಯಲಿಲ್ಲ. ಇಷ್ಟು ವರ್ಷ ಈ ಆಸ್ಪತ್ರೆಗೆ ಎಷ್ಟೋ ಜನರನ್ನ ತಂದು ಮಲಗಿಸಿದ್ದೇನೆ, ನನ್ನ ಕಾಲನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ನನ್ನನ್ನು ಯಾರಾದರೂ ಕೇಳಿದರೆ ನಾನೂ ಆರಾಮ ಅಂತಲೇ ಹೇಳುತ್ತಿದ್ದೆ.

ಬೆರಳಿಗೆ ಚುಚ್ಚಿ ಶುಗರ್ ನೋಡಿದರು. ಡಾಕ್ಟರು ಮಷೀನಿನ ನಂಬರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ನಂಬರ್ ನೋಡಿದರು. ನಾನು ಮೆಲ್ಲಗೆ ಏಳಲು ಹೋದೆ.

"ಮಲಗಿರು ಮಾರಾಯ, ಏಳಬೇಡ."

"ಡಾಕ್ಟ್ರೇ, ನಾನು ಸುಮ್ನೆ ಮಲಗಿದ್ದು."

"ಗೊತ್ತು. ಈಗ ನಿಜವಾಗಿ ಮಲಗು."

ಸಾಹುಕಾರ್ರು ಎದ್ದು ಬಂದರು. ಸಣ್ಣ ಸಿಸ್ಟರ್ ಚಿಮಟಿಗೆಯಲ್ಲಿ ತೆಗೆದು ಟ್ರೇಯಲ್ಲಿಟ್ಟ ಬೀಜವನ್ನು ಬಗ್ಗಿ ನೋಡಿದರು. ಕನ್ನಡಕ ಸರಿ ಮಾಡಿಕೊಂಡು ಮತ್ತೆ ನೋಡಿದರು. ಪ್ಲಾಂಟರ್ ಅಂದರೆ ಪ್ಲಾಂಟರ್, ಹೆಣದ ಬಾಯಲ್ಲಿ ಬೀಜ ಕಂಡರೂ ಗ್ರೇಡ್ ನೋಡುವ ಜಾತಿ. "ಇದು ನಮ್ಮ ಕಣದ್ದು. ಅವತ್ತು ನನ್ನನ್ನ ಸ್ಟ್ರೆಚರಿಗೆ ಹಾಕೋಕೆ ಬಂದಾಗ ನೀನು ಒಣಗೋಕೆ ಹರವಿದ ಕಾಫಿ ಮೇಲೇ ನಡ್ಕೊಂಡು ಬಂದಿದ್ದೆ, ಅಲ್ವಾ? ಆಗಲೇ ಶೂ ಒಳಗೆ ಸೇರಿದೆ. ಜೇಬಲ್ಲಿ ಕದ್ದವರನ್ನ ನೋಡಿದೀನಿ, ಚೀಲದಲ್ಲಿ ಕದ್ದವರನ್ನ ನೋಡಿದೀನಿ. ಅಂಗಾಲಲ್ಲಿ ಕದ್ದವನನ್ನ ನೋಡಿದ್ದು ಇದೇ ಮೊದಲು!"

ಅಷ್ಟು ಹೇಳಿ ಅವರಿಗೇ ನಗು ತಡೆಯಲಾಗಲಿಲ್ಲ. ನಕ್ಕರು, ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಕೊನೆಗೆ "ಅಯ್ಯಯ್ಯೋ" ಅಂತ ಪಕ್ಕೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದರು.

ಸಣ್ಣ ಸಿಸ್ಟರ್ ಅವರ ಕಡೆ ತಿರುಗಿದರು. "ಸಾಹುಕಾರ್ರೇ, ನೋವು ಹತ್ತಕ್ಕೆ ಎಷ್ಟು?"

ಸಾಹುಕಾರ್ರು ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದರು. ಅಮ್ಮನವರು ಇರಲಿಲ್ಲ. "ಆರು" ಅಂದರು. ಆಮೇಲೆ ದೊಡ್ಡ ಸಿಸ್ಟರ್ ಕಡೆ ತಿರುಗಿದರು. "ಇದನ್ನ ನಿಲ್ಲಿಸಬೇಡಿ ಸಿಸ್ಟರೇ. ಸುಳ್ಳು ರೋಗಿ ಹತ್ರವೂ ನಿಜವಾದ ರೋಗ ಹುಡುಕೋ ಪ್ರಶ್ನೆ ಇದು. ಡಾಕ್ಟ್ರೇ, ಇನ್ನೊಬ್ಬರು ಸಿಸ್ಟರನ್ನ ಬೇಕಾದ್ರೆ ಸೇರಿಸಿಕೊಳ್ಳಿ, ಟ್ರಸ್ಟಿಂದ ನಾನು ಒಪ್ಪಿಸ್ತೀನಿ. ನೀನು ಏನಂತೀಯ ಮಗಾ, ನಿಮಗೆ ಕಷ್ಟ ಆಗುತ್ತಾ?"

ಸಣ್ಣ ಸಿಸ್ಟರ್ ಇಲ್ಲ ಅಂತ ತಲೆಯಾಡಿಸಿದರು. "ಕಷ್ಟ ಇದ್ದದ್ದು ಮೊದಲು ಸಾಹುಕಾರ್ರೇ. ಕೇಳದೆ ಬೈಸಿಕೊಳ್ತಿದ್ವಿ. ಈಗ ನಾವು ಬರೋದು ತಡ ಆದ್ರೆ ಕಾಯ್ತಾರೆ."

ಸೂಟ್‌ಕೇಸು ಮತ್ತೆ ಮಂಚದ ಕೆಳಗೆ ಹೋಯಿತು. ಹೋದದ್ದನ್ನು ನಾನೇ ನೋಡಬೇಕಾಗಿತ್ತು, ಆದರೆ ನನ್ನನ್ನು ಮಂಚದಿಂದ ಇಳಿಯಲು ಬಿಡಲಿಲ್ಲ. ಸಕ್ಕರೆ ಕಾಯಿಲೆ ಏರಿ ಅಂಗಾಲಿಗೆ ನೋವೇ ತಿಳಿಯದ ಹಾಗಾಗಿತ್ತಂತೆ. ಕಾಲು ಉಳಿಯಿತು. ಇನ್ನೂ ಸ್ವಲ್ಪ ದಿನ ತಡ ಆಗಿದ್ದರೆ ಬೆರಳು ಒಂದೆರಡು ಹೋಗುತ್ತಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರು. ಆ ಬೀಜವನ್ನು ಸಾಹುಕಾರ್ರು ವಾಪಸ್ ತೆಗೆದುಕೊಂಡು ಹೋಗಿ ಸಿಪ್ಪೆ ತೆಗೆಸಿ ಗ್ರೇಡ್ ಮಾಡಿಸೋಕೆ ಕ್ಯೂರಿಂಗಿಗೆ ಕಳಿಸಿದರು ಅಂತ ನಾನು ಎಲ್ಲರ ಹತ್ತಿರ ಹೇಳುತ್ತೇನೆ. ಅದು ಮಾತ್ರ ಸುಳ್ಳು.

ಈಗ ದಿನಾ ಬೆಳಿಗ್ಗೆ ಗಾಡಿಯ ಕೀ ಕೊಡುವ ಮೊದಲು ದೊಡ್ಡ ಸಿಸ್ಟರ್ ನನ್ನನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಶೂ ಕೊಡವಿದ್ರಾ, ಮಾತ್ರೆ ತಗೊಂಡ್ರಾ, ಕಾಲು ತೋರಿಸಿ. ಮೊದಮೊದಲು "ಸಕ್ಕರೆ ಹಾಕಿದ ಟೀ ಕುಡಿದ್ರಾ?" ಅಂತಲೂ ಕೇಳುತ್ತಿದ್ದರು. ನಾನು ಇಲ್ಲ ಅನ್ನುತ್ತಿದ್ದೆ. ನನ್ನ ‘ಇಲ್ಲ’ ಅನ್ನೋದರ ಬೆಲೆ ಅವರಿಗೆ ಗೊತ್ತಾಗಿ ಈಗ ಪ್ರಶ್ನೆ ಬದಲಾಯಿಸಿದ್ದಾರೆ. "ನಿನ್ನೆ ಟೀ ಅಂಗಡಿಯಲ್ಲಿ ದುಡ್ಡು ಕೊಟ್ರಾ?" ಅಂತಾರೆ. ಕೇಳಿ ಸುಮ್ಮನೆ ಬಿಡೋಲ್ಲ, ಈ ಅಂಗಡಿಯವನನ್ನೂ ವಿಚಾರಿಸುತ್ತಾರೆ.

ಟೀ ಬಂತು ನೋಡಿ. ಇದರಲ್ಲಿ ಸಕ್ಕರೆ ಎಷ್ಟಿದೆ ಅಂತ ನೀವು ನೋಡೋದು ಬೇಡ. ದೊಡ್ಡ ಸಿಸ್ಟರಿಗೆ ನಾಳೆ ಬೆಳಿಗ್ಗೆ ನಾನು ನಿಜವನ್ನೇ ಹೇಳಬೇಕು ಅಂತ ಮನಸ್ಸು ಮಾಡಿದ್ದೇನೆ. ಒಬ್ಬ ಮನುಷ್ಯ ಸುಳ್ಳು ಬಿಡೋಕೆ ಹೊರಟಾಗ ಸಹಾಯ ಮಾಡೋದು ಪುಣ್ಯದ ಕೆಲಸ ಮಾರಾಯ್ರೇ. ಎರಡೂ ಟೀ ದುಡ್ಡು ನೀವೇ ಕೊಟ್ಟುಬಿಡಿ.